ಹೇಳದೆ ಬರುವ ಹೊಸತನ

ನಾನು ಬದಲಾವಣೆಯ ವಿರೋಧಿಯಲ್ಲ. ಬ್ಯಾಂಕಿನ ನೌಕರ ಹಾಗಿರಲು ಆಗುವುದೂ ಇಲ್ಲ. ಮೂರು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಲೇ ಧಾರವಾಡದಿಂದ ನಾಸಿಕದವರೆಗೆ ಬಂದು ಮುಟ್ಟಿದವನು ನಾನು. ಆದರೆ ವರ್ಗದ ಆದೇಶಕ್ಕೊಂದು ಮರ್ಯಾದೆಯಿದೆ. ಕಾಗದದಲ್ಲಿ ಬರುತ್ತದೆ, ಪಾತ್ರೆ ಪಡಗ ಕಟ್ಟಲು ಒಂದು ವಾರ ಕೊಡುತ್ತದೆ. ನಮ್ಮ ಮನೆಯ ಕಂಪ್ಯೂಟರಿಗೆ ಆ ಸೌಜನ್ಯವೂ ಇರಲಿಲ್ಲ.

ಕಾರಣ, ನನ್ನ ಹೆಂಡತಿ ಸುಧಾಳ ತಮ್ಮ ಶ್ರೀಧರ. ಔರಂಗಾಬಾದಿನ ಕಾಲೇಜೊಂದರಲ್ಲಿ ಪಾಠ ಹೇಳುವ ಆತ ದೀಪಾವಳಿಗೆ ಬಂದವನು, ಚಕ್ಕುಲಿ ಮೆಲ್ಲುತ್ತಲೇ ನಮ್ಮ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ, ‘ರೋಲಿಂಗ್’ ಜಾತಿಯ ಆಪರೇಟಿಂಗ್ ಸಿಸ್ಟಮ್ ಕೂಡಿಸಿದ. “ಭಾವಾ, ಇದು ಹಳೇದಾಗೋದ ಇಲ್ಲ. ದಿನಾ ಅಷ್ಟಷ್ಟ ಹೊಸಾದಾಗ್ತದ” ಎಂದ. ನಾನು ಅಪ್‌ಡೇಟ್ ಗುಂಡಿ ಒತ್ತಿದರಾಯಿತಂತೆ. ಅವನು ಔರಂಗಾಬಾದಿಗೆ ಹೋದ, ನಾನು ಒತ್ತುತ್ತ ಉಳಿದೆ. ಒಂದು ಸೋಮವಾರ ಪ್ರಿಂಟರಿಗೆ ನಮ್ಮ ಗುರುತೇ ಸಿಗಲಿಲ್ಲ. ಗುರುವಾರದ ಹೊತ್ತಿಗೆ ಕನ್ನಡದ ಅಕ್ಷರಗಳೆಲ್ಲ ಖಾಲಿ ಚೌಕಗಳಾದವು. ಫೋನ್ ಮಾಡಿದರೆ ಶ್ರೀಧರ, ಅಷ್ಟು ಹೊಸದು ಬಂತೇ ಎಂದು ಸಂತೋಷಪಟ್ಟು, ಗೇಣುದ್ದದ ಆಜ್ಞೆಗಳನ್ನು ಒಂದೊಂದೇ ಅಕ್ಷರ ಹೇಳಿ ಬರೆಸುತ್ತಿದ್ದ. ನನಗೆ ಬೇಕಾದದ್ದು ಹೊಸತನವಲ್ಲ, ನಿನ್ನೆ ಇದ್ದದ್ದು ಇವತ್ತೂ ಇರುವುದು ಎಂದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಹೀಗಿರುವಾಗ ಮಗಳು ಅಪೂರ್ವಳಿಗೆ ವಿಜಯಪುರದಿಂದ ಒಂದು ಸಂಬಂಧ ಬಂತು. ಹುಡುಗ ದನದ ಡಾಕ್ಟರು. ತಾಯಿಗೆ ಮೊಣಕಾಲು ನೋವು, ಪ್ರಯಾಣ ಆಗದು. ಹಾಗಾಗಿ ಭಾನುವಾರ ಹನ್ನೊಂದಕ್ಕೆ ಕಂಪ್ಯೂಟರಿನಲ್ಲೇ ಹೆಣ್ಣು ನೋಡುವುದೆಂದಾಯಿತು. “ಇವತ್ತೊಂದಿನ ಅದನ್ನ ಮುಟ್ಟಬ್ಯಾಡ್ರಿ” ಎಂದು ಆ ಬೆಳಿಗ್ಗೆ ಸುಧಾ ಎಚ್ಚರಿಸಿ ಅಡುಗೆಮನೆಗೆ ಹೋದಳು. ಬೀಗರು ಬರುವ ದಿನ ಕಂಪ್ಯೂಟರಿಗೂ ಸ್ನಾನವಾಗಲಿ ಎಂದುಕೊಂಡು ನಾನು ಗುಂಡಿ ಒತ್ತಿದೆ.

ಹನ್ನೊಂದಕ್ಕೆ ಅವರ ಮುಖಗಳು ಸ್ವಚ್ಛವಾಗಿ ಮೂಡಿದವು. ಅವರ ಮಾತೂ ಕೇಳಿಸಿತು. ನಮ್ಮ ಮಾತು ಮಾತ್ರ ಅವರಿಗೆ ತಲುಪಲಿಲ್ಲ. ನಾನು ಎರಡು ದಿನದಿಂದ ಸಿದ್ಧಮಾಡಿಕೊಂಡಿದ್ದ ವಂಶದ ಪರಿಚಯ ಗಂಟಲಲ್ಲೇ ಉಳಿಯಿತು. ಸುಧಾ ನನ್ನತ್ತ ನೋಡಿದ ನೋಟವನ್ನು ಬರೆಯಲಾರೆ. ಶ್ರೀಧರನನ್ನು ಕೇಳೋಣವೆಂದು ನಾನು ಮೊಬೈಲಿಗೆ ಕೈ ಹಾಕುವಷ್ಟರಲ್ಲಿ ಅಪೂರ್ವ “ಥಾಂಬಾ ಬಾಬಾ, ನಾನ ಮಾತಾಡ್ತೀನಿ” ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನನ್ನನ್ನು ತಡೆದು, ಅದನ್ನು ಎತ್ತಿಕೊಂಡು, ಹುಡುಗನ ತಂದೆಗೆ ಫೋನ್ ಹಚ್ಚಿ, ನೇರ ಹುಡುಗನನ್ನೇ ಕೇಳಿ ಹೊರಗಿನ ಗ್ಯಾಲರಿಗೆ ನಡೆದಳು. ಅಲ್ಲಿ ಹುಡುಗನೂ ಎದ್ದು ಹೋದ. ಉಳಿದ ನಾವು ಹಿರಿಯರು ಮುಕ್ಕಾಲು ಗಂಟೆ ಪರಸ್ಪರ ನಗುತ್ತ ಕುಳಿತೆವು. ಅವರು ಏನೇ ಹೇಳಲಿ, ನಾನು ತಲೆಯಾಡಿಸಿದೆ.

ಅಪೂರ್ವ ತಿರುಗಿ ಬಂದಾಗ ಮುಖ ಅರಳಿತ್ತು. ತನಗೆ ಕನ್ನಡ ಎಲ್ಲ ತಿಳಿಯುತ್ತದೆ, ಆದರೆ ಅರ್ಧವೇ ಮಾತಾಡಲು ಬರುತ್ತದೆ ಎಂದಳಂತೆ. ತನ್ನ ಪೇಷಂಟುಗಳು ಅಷ್ಟೂ ಮಾತಾಡುವುದಿಲ್ಲ ಎಂದನಂತೆ ಹುಡುಗ. ಸಂಬಂಧ ಕೂಡಿತು. ಶ್ರೀಧರ ಅದರ ಶ್ರೇಯಸ್ಸನ್ನೆಲ್ಲ ತನ್ನ ಸಿಸ್ಟಮ್ಮಿಗೇ ಕೊಟ್ಟ.

ಮದುವೆಯ ಮಂಟಪದಲ್ಲಿ ಹುಡುಗನ ತಂದೆ ತಮ್ಮ ಬಳಗಕ್ಕೆ ನನ್ನನ್ನು ಪರಿಚಯಿಸಿದರು: “ನಮ್ಮ ಬೀಗರು ಭಾಳ ಮಿತಭಾಷಿ ನೋಡ್ರಿ. ಮೊದಲನೇ ದಿನಾನ ನಮಗ ಹಿಡಿಸಿಬಿಟ್ರು.” ನಿಜ ಸಂಗತಿಯನ್ನು ಮೊದಲಿನಿಂದ ವಿವರಿಸೋಣವೆಂದು ನಾನು ಬಾಯಿ ತೆರೆದೆ. ಸುಧಾ ನನ್ನ ಕಾಲು ತುಳಿದಳು. ಕೈ ಮುಗಿದು ನಕ್ಕೆ. ಅಂದಿನಿಂದ ಆ ಮನೆಗೆ ಹೋದಾಗಲೆಲ್ಲ ಈ ಹೆಸರು ಉಳಿಸಿಕೊಳ್ಳಲು ನಾನು ಪಡುವ ಪಾಡು ನನಗೇ ಗೊತ್ತು. ಅದಕ್ಕೇ, ನಿಮ್ಮೆದುರು ಇಷ್ಟೆಲ್ಲ ಹೇಳಿಕೊಂಡದ್ದು.