ನಮ್ಮನೆಯವರಿಗೆ ಕಿನ್ವಾ ತಿನ್ನಿಸಿದ್ದು

ಮದುವೆಯಾದಾಗಿಂದ ನೋಡ್ಲಿಕ್ಹತ್ತೀನಿ, ಒಳ್ಳೇದಕ್ಕಂತ ನಾನು ಮಾಡಿದ್ದು ಒಂದೂ ಈ ಮನ್ಯಾಗ ನೆಟ್ಟಗಾಗೂದಿಲ್ಲ. ಈಗ ಕಿನ್ವಾದ ಸರದಿ.

ನಮ್ಮನೆಯವರು ಸಂಡೂರಿನ ಗಣಿ ಆಫೀಸಿನಿಂದ ರಿಟೈರ್ ಆಗಿ ಹೊಸಪೇಟ್ಯಾಗ ಕುಂತಮ್ಯಾಲೆ ಶುಗರ್ ಏರಿತು. ಡಾಕ್ಟರಮ್ಮ ಕಡ್ಡಿ ಮುರಿದಂಗ ಹೇಳಿದ್ರು: "ಮುಂದಿನ ಸಲ ಇಳೀಲಿಲ್ಲಂದ್ರ ಇಂಜೆಕ್ಷನ್ನೇ. ಕಿನ್ವಾ ಅಂತ ಸಣ್ಣ ಕಾಳು ಸಿಗ್ತದ, ಅನ್ನದ ಬದಲು ಅದನ್ನ ಹಾಕ್ರಿ. ಪ್ರೋಟೀನು, ನಾರು ಎರಡೂ ಚಲೋ ಇರ್ತಾವ." ಇವರೋ ಸೂಜಿ ಅಂದ್ರ ಮೈಲು ದೂರ ಓಡೋ ಮನುಷ್ಯ.

೧. ಬಾಲದ ಕಾಳು

ಹಂಪಿಯ ಗೆಸ್ಟ್ ಹೌಸಿನಾಗ ಅಡಿಗಿ ಮಾಡೋ ಪರಿಚಯದಾಕಿನ್ನ ಕೇಳಿ ಕಲತೆ. ಚಂದಂಗೆ ತಿಕ್ಕಿ ತೊಳೀಬೇಕು, ಇಲ್ಲಾಂದ್ರ ಕಹಿ. ಒಂದಕ್ಕ ಎರಡು ನೀರು. ಬೆಂದಾಗ ಪ್ರತಿ ಕಾಳಿಗೂ ಬಿಳೀ ಬಾಲ ಬರ್ತದ, ಬಂತಂದ್ರ ಹದ ಆತು. ಹಂಗೇ ಮಾಡಿಟ್ಟು, ಒಗ್ಗರಣಿಗೆ ಕರಿಬೇವು ತರ್ಲಿಕ್ಕೆ ಹಿತ್ತಲಕ್ಕ ಹೋದೆ. ಬರೂದ್ರಾಗ ಪಾತ್ರಿ ಖಾಲಿ!

"ಎಲ್ಲಿ ಹೋತ್ರಿ?"

"ಹುಳ ಬಿದ್ದಿದ್ದವು. ಬಿಳೀವು, ಕಾಳಿಗೊಂದೊಂದು! ಆಕಳಿಗೆ ಸುರುವಿದೆ. ಅಂಗಡಿಯವ ನಿನಗ ಟೋಪಿ ಹಾಕ್ಯಾನ ನೋಡು."

ಏನಂತ ಬೈಬೇಕು ಹೇಳ್ರಿ? ಬಾಗಿಲ ಮುಂದ ಓಣಿ ಆಕಳು ನೆಲ ನೆಕ್ಕಲಿಕ್ಹತ್ತಿತ್ತು. ಆವತ್ತು ಯಾರದರ ಶುಗರ್ ಇಳಿದಿದ್ರ ಅದು ಆ ಆಕಳದ್ದೇ.

೨. ಏಕಾದಶಿ

ಎರಡು ಚಮಚ ತಿನ್ನಿಸ್ಬೇಕಾದ್ರ ನನ್ನ ಗಂಟಲು ಹರೀತಿತ್ತು. "ಮರಳು ತಿಂದಂಗಾಗ್ತದ" ಅಂತ ಮುಖ ಸಿಂಡರಿಸೋರು. ಏಕಾದಶಿ ಬಂತು. ನಮ್ಮನ್ಯಾಗ ಆವತ್ತು ಅನ್ನ ಇಲ್ಲ, ಗೋಧಿ ಇಲ್ಲ. ಮುಂಜಾನೆನೇ ಮೊಬೈಲ್ ಹಿಡಕೊಂಡು ಅಡಿಗಿಮನಿಗೆ ಬಂದ್ರು.

"ಏ, ಕೇಳಿಲ್ಲೆ! ಕಿನ್ವಾ ಧಾನ್ಯನೇ ಅಲ್ಲಂತ. ಪಾಲಕ್ ಬಳಗದ ಗಿಡದ ಬೀಜ ಅಂತ. ಫಲಾಹಾರಕ್ಕ ನಡೀತದ!"

ನಿಂಬಿಹಣ್ಣು ಹಿಂಡಿ ಒಮ್ಮೆ, ಮೊಸರು ಕಲಸಿ ಒಮ್ಮೆ, ಶೇಂಗಾ ಹಾಕಿ ಮತ್ತೊಮ್ಮೆ. ಮೂರೂ ಹೊತ್ತು ಬಡಿದ್ರು.

"ಅಲ್ರೀ, ಇದು ಉಪವಾಸ ಏನು?"

"ಧಾನ್ಯ ಮುಟ್ಟೀನೇನು ನಾನು?"

ಮರುದಿನ ಅದೇ ಪಾತ್ರಿ ಮುಂದಿಟ್ಟೆ. "ಥೂ, ಮತ್ತ ಮರಳೇನು?"

೩. ಡಾಕ್ಟರಮ್ಮನ ಮುಂದ

ಆಮ್ಯಾಲೆ ಒಂದು ಪವಾಡ ಆತು. ತಕರಾರೇ ನಿಂತ್ಹೋತು. ಎರಡೂ ಹೊತ್ತು ನಾ ಕೊಟ್ಟಷ್ಟು ಕಿನ್ವಾ ತುಟಿಪಿಟಕ್ಕನ್ನದ ತಿಂದು ಎದ್ದುಹೋಗೋರು. ನಾ ಹಿಗ್ಗಿದ್ದೇ ಹಿಗ್ಗಿದ್ದು. ಟೆಸ್ಟ್ ಮಾಡಿಸಿದ್ರ ಶುಗರ್ ಮೊದಲಿಗಿಂತ ಜಾಸ್ತಿ!

ಡಾಕ್ಟರಮ್ಮ ನನ್ನನ್ನೇ ದುರುಗುಟ್ಟಿ ನೋಡಿದ್ರು. "ಏನಮ್ಮ, ಅದರಾಗ ಬೆಲ್ಲ ಸುರೀತೀರೇನು?"

ನನ್ನ ಮೈಯೆಲ್ಲಾ ಉರದುಹೋತು. ಡಾಕ್ಟರಮ್ಮ ಪಕ್ಕದಾಗ ಕುಂತ ಇವರನ್ನೇ ಕೇಳಿದ್ರು, "ಕಿನ್ವಾ ಯಾವಾಗ ತಿಂತೀರಿ?"

"ಊಟ ಆದಮ್ಯಾಲ್ರಿ. ಔಷಧಿ ಅಲ್ಲೇನ್ರಿ ಅದು? ಬರೇ ಹೊಟ್ಟಿಲೆ ಹೆಂಗ ತಗೊಳ್ಳೋದು?"

"ಊಟ? ಎಲ್ಲಿ ಊಟ?" ನಾನು ಚೀರಿದೆ.

"ಹಿಂದಿನ ಓಣ್ಯಾಗ, ತಂಗಿ ಮನ್ಯಾಗ. ಅನ್ನ, ಸಾರು, ತುಪ್ಪ. ಪಾಪ, ಆಕಿ ಭಾಳ ಒತ್ತಾಯ ಮಾಡ್ತಾಳ."

ಡಾಕ್ಟರಮ್ಮ ಇಂಜೆಕ್ಷನ್ ಬರೆದ್ರು. ಇವರು ಆಟೋದಾಗಿಂದನೇ ತಂಗಿಗೆ ಸುದ್ದಿ ಮುಟ್ಟಿಸಿದ್ರು. ನಾ ಮನಿಗೆ ಬಂದು ಚಪ್ಪಲಿ ಬಿಡೂದ್ರಾಗ ನಾದಿನಿ ಫೋನು, ಬಿಕ್ಕಿ ಬಿಕ್ಕಿ ಅಳ್ಲಿಕ್ಹತ್ತಿದ್ಲು.

"ವೈನಿ, ದಿನಾ ಹೊಟ್ಟಿ ತುಂಬ ಅನ್ನ ಹಾಕಿ ನಾ ಅಣ್ಣನ್ನ ಗಟ್ಟಿ ಇಟ್ಟಿದ್ದೆ. ಆ ಸುಡುಗಾಡು ಕಿನ್ವಾ ತಿನ್ನಿಸಿ ಅವನ್ನ ಸೂಜಿಗೆ ತಂದ್ರಲ್ರಿ!"