ಚಿಗವ್ವನ ಧೂಮಕೇತು ದಳ

ನಮ್ಮ ಚಿಗವ್ವ ಹುಬ್ಬಳ್ಳಿಯಾಚೆಗಿನ ಊರು ಕಂಡವಳಲ್ಲ. ಆದರೆ ಶನಿಗ್ರಹದಲ್ಲಿ ರಾಕೆಟ್ಟು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಿದರೆ ಕೆಟ್ಟೆವು ಎಂಬುದನ್ನು ಹಾನಗಲ್ಲಿನ ಬಸ್‌ಸ್ಟ್ಯಾಂಡಿಗೆ ದಾರಿ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾಳೆ!

ಚಿಗವ್ವನೆಂದರೆ ನನ್ನ ಅವ್ವನ ತಂಗಿ. ಅರವತ್ತರ ಹತ್ತಿರ ಬಂದಿದ್ದಾಳೆ. ಹಾನಗಲ್ಲಿನಲ್ಲಿ ಜಂಪರು ಹೊಲಿಯುವುದು ಕಸುಬು. ಓದುವುದು ಮಾತ್ರ ‘ಧೂಮಕೇತು ದಳ’. ಅವಳು ಸಣ್ಣವಳಿದ್ದಾಗ ತಿಂಗಳಿಗೊಂದರಂತೆ ಬರುತ್ತಿದ್ದ ಚಿತ್ರಕಥೆಯ ಸರಣಿ ಅದು. ಐವರು ಗಗನಯಾತ್ರಿಗಳು, ಒಂದು ಹಳೇ ನೌಕೆ, ಪ್ರತಿ ತಿಂಗಳೂ ಹೊಸ ಗ್ರಹ, ಪ್ರತಿ ಕೊನೇ ಪುಟದಲ್ಲೂ ಯಾರದಾದರೂ ಜೀವಕ್ಕೆ ಕುತ್ತು!

ಒಮ್ಮೆ ಗಿರಾಕಿಯೊಬ್ಬಳು ಬಂದು, “ನನ್ನ ಜಂಪರ ಆತೇನವಾ?” ಎಂದಳು.

ಚಿಗವ್ವ ಪುಸ್ತಕದಿಂದ ತಲೆ ಎತ್ತಲಿಲ್ಲ. “ನಾಳೆ ಬಾರವಾ. ಇವತ್ತ ಯುದ್ಧ ಐತಿ.”

ಯುದ್ಧ ನಡೆದಿದ್ದು ಮಂಗಳ ಗ್ರಹದಲ್ಲಿ ಎಂದು ತಿಳಿಯುವಷ್ಟರಲ್ಲಿ ಓಣಿಯ ಅರ್ಧ ಜನ ಅಕ್ಕಿ, ಸಕ್ಕರೆ ತಂದು ತುಂಬಿಕೊಂಡಿದ್ದರು!

ನೆಂಟರಿಗಂತೂ ಇವಳದು ದೊಡ್ಡ ಮುಜುಗರ. ಒಂದು ಮದುವೆಯಲ್ಲಿ ದೂರದ ಸಂಬಂಧದ ಹಿರಿಯರೊಬ್ಬರು ಎಲ್ಲರೆದುರು ಕೇಳಿಯೇಬಿಟ್ಟರು: “ಈ ವಯಸ್ಸಿನ್ಯಾಗ ವಚನ ಓದೂದು ಬಿಟ್ಟು ಗೊಂಬಿ ಪುಸ್ತಕ ಓದ್ತೀಯಲ್ಲ, ನಾಚಿಗಿ ಬರೂದಿಲ್ಲೇನು?”

“ವಚನಾನೂ ಓದ್ತೇನ್ರಿ, ರಾಕೆಟ್ಟೂ ಓದ್ತೇನ್ರಿ. ಎರಡೂ ಮ್ಯಾಲೆ ನೋಡು ಅಂತಾವು. ನೀವು ತಾಟ ಬಿಟ್ಟು ಯಾವಾಗರೆ ಮ್ಯಾಲೆ ನೋಡೀರೇನು?”

ಹಿರಿಯರು ಮೂರನೇ ಹೋಳಿಗೆ ಹಾಕಿಸಿಕೊಳ್ಳದೆ ಎದ್ದುಹೋದರು.

ಇಂಥ ಚಿಗವ್ವನಿಗೆ ಒಂದೇ ಕೊರತೆ. ಮದುವೆಗೆ ಮುಂಚೆ ಸವಣೂರಿನ ತವರಿನಲ್ಲಿ ಕೂಡಿಟ್ಟ ಪುಸ್ತಕಗಳನ್ನೆಲ್ಲ ಅವಳ ಅಣ್ಣ, ಅಂದರೆ ನನ್ನ ಮಾವ, ರದ್ದಿಗೆ ಹಾಕಿದ್ದ. ಒಂದೊಂದಾಗಿ ಮತ್ತೆ ಸಂಪಾದಿಸಿದಳು. ಕೊನೆಯ ಸಂಚಿಕೆ ಮಾತ್ರ ಎಲ್ಲೂ ಇಲ್ಲ! ಅದರ ಹಿಂದಿನ ಸಂಚಿಕೆಯಲ್ಲಿ ದಳದ ಚಾಲಕಿ ಉರಿಯುವ ನೌಕೆಯಲ್ಲಿ ಒಬ್ಬಳೇ ಸಿಕ್ಕಿಕೊಂಡಿದ್ದಳು. ಪಾಪ, ನಲವತ್ತೈದು ವರ್ಷದಿಂದ ಹಾಗೇ ಉರಿಯುತ್ತಿದ್ದಾಳೆ. ಚಿಗವ್ವ ಸವಣೂರಿಗೆ ಹೋದಾಗಲೆಲ್ಲ ಅಂಗಡಿಯವರು ಖಾರದ ತಿನಿಸು ಕಟ್ಟಿಕೊಟ್ಟ ರದ್ದಿ ಕಾಗದವನ್ನೂ ಬಿಚ್ಚಿ ತಿರುವಿ ನೋಡುತ್ತಿದ್ದಳೆಂದರೆ ನೀವು ನಂಬಬೇಕು.

ಕಡೆಗೆ ಹಳೇ ಪುಸ್ತಕದವರ ವಾಟ್ಸಾಪ್ ಗುಂಪೊಂದರಲ್ಲಿ ನನಗೇ ಸುಳಿವು ಸಿಕ್ಕಿತು. ಹಿರೇಕೆರೂರಿನ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರ ಹತ್ತಿರ ಪೂರ್ತಿ ಸರಣಿ ಇದೆಯಂತೆ! ಮರುದಿನವೇ ನಾನು ಶಿಗ್ಗಾವಿಯಿಂದ ಹಾನಗಲ್ಲಿಗೆ ಬಂದು, ಚಿಗವ್ವನನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಮಾಸ್ತರರು ಚಹಾ ಕೊಟ್ಟರು, ಪುಸ್ತಕ ಕೊಡಲಿಲ್ಲ.

“ಹೊರಗ ಕೊಡೂದಿಲ್ಲರಿ. ಇಲ್ಲೇ ಕುಂತು ಓದ್ರಿ, ಯಾರು ಬ್ಯಾಡಂತಾರ?”

“ಇಲ್ಲಿ ಓದೂದಿಲ್ಲರಿ. ನಾ ಒಯ್ಯಬೇಕು.”

ನನಗೆ ತಲೆ ಚಿಟ್ಟುಹಿಡಿಯಿತು. ಇಪ್ಪತ್ತು ಪುಟದ ಪುಸ್ತಕ! ಅಲ್ಲೇ ಓದಿದರೆ ಏನು ಗಂಟು ಹೋಗುತ್ತದೆ? ಚಿಗವ್ವ ಜಗ್ಗಲಿಲ್ಲ. ಮಾಸ್ತರರು ಬೈಂಡ್ ಮಾಡಿಸಿಟ್ಟಿದ್ದ ಹಳೆಯ ಸಂಚಿಕೆಗಳನ್ನು ತಿರುವುತ್ತ ಕೂತವಳು ಒಮ್ಮೆಲೇ, “ಮಾಸ್ತರ, ದಳದ ಈ ಡಾಕ್ಟರ ಹಿಂದಿನ ಪುಟದಾಗ ಸತ್ತಾನ. ಇಲ್ಲಿ ಹೆಂಗ ಚಾ ಕುಡಿಯಾಕತ್ತಾನ?” ಎಂದಳು.

“ಅದು ಪುನರ್ಜನ್ಮ ಅಲ್ಲೇನ್ರಿ?”

“ಎಲ್ಲೀ ಪುನರ್ಜನ್ಮರಿ! ಬೈಂಡಿನ್ಯಾಂವ ಪುಟ ಹಿಂದ ಮುಂದ ಮಾಡ್ಯಾನ!”

ಚೀಲದಿಂದ ಸೂಜಿ, ದಾರ, ಕತ್ತರಿ ಹೊರಬಂದವು. ಮಾಸ್ತರರು ಬೇಡವೆನ್ನುವುದರೊಳಗೆ ಹೊಲಿಗೆ ಬಿಚ್ಚಿ, ಪುಟ ಸರಿಪಡಿಸಿ, ಅಂಚು ಕೂಡಿಸಿ ಹೊಲಿದುಬಿಟ್ಟಳು. ಮಾಸ್ತರರು ಅಲ್ಲೇ ನಿಂತು ಓದಿದರು. ಇಷ್ಟು ವರ್ಷ ಬದುಕಿದ್ದಾನೆಂದುಕೊಂಡ ಡಾಕ್ಟರ್ ಸತ್ತುಹೋದನಲ್ಲ! ಕಣ್ಣು ಒರೆಸಿಕೊಂಡರು. ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಕೊನೆಯ ಸಂಚಿಕೆ ತಂದು, “ವಾರದಾಗ ವಾಪಸ್ ಬರಬೇಕ ನೋಡ್ರಿ” ಎಂದು ಕೊಟ್ಟರು.

ಬಸ್ಸಿನಲ್ಲಿ ಚಿಗವ್ವ ಕವರನ್ನು ಎದೆಗೊತ್ತಿಕೊಂಡು ಕೂತಳು.

“ಒಂದ ಪುಟಾನರೆ ನೋಡು ಚಿಗವ್ವ!”

“ಬಾಯಿ ಮುಚ್ಚಿಕೊಂಡು ಕುಂದ್ರ.”

ಹಾನಗಲ್ಲಿನಲ್ಲಿ ತನ್ನ ಮನೆಗೆ ಹೋಗದೆ ನನ್ನ ಜೊತೆಗೇ ಶಿಗ್ಗಾವಿಯ ಬಸ್ಸು ಹತ್ತಿದಳು. ನಮ್ಮ ಮನೆಗೆ ಬಂದವಳೇ ನೇರ ಅಡುಗೆಮನೆಗೆ ನಡೆದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕ, ಸಿಕ್ತು.”

ಅವ್ವನ ಕೈ ನಿಂತಿತು.

ಅವ್ವನಿಗೆ ಓದಲು ಬಾರದೆಂದು ನನಗೆ ಗೊತ್ತಿತ್ತು. ಈ ತಂಗಿಯನ್ನೇ ಎತ್ತಿ ಆಡಿಸಲು ಅವಳನ್ನು ಎರಡನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಆದರೆ ಅದೇ ತಂಗಿ ಅಕ್ಷರ ಕಲಿತ ಮೇಲೆ ತಿಂಗಳು ತಿಂಗಳೂ ಒಲೆಯ ಮುಂದೆ ಕೂತು, ಬಡಿಯುವ ರೊಟ್ಟಿಯಿಂದ ಕಣ್ಣು ತೆಗೆಯಲಾಗದ ಅಕ್ಕನಿಗೆ ಆ ಸರಣಿಯನ್ನು ಚಿತ್ರಗಳನ್ನೂ ಬಣ್ಣಿಸುತ್ತ ಓದಿ ಹೇಳುತ್ತಿದ್ದಳೆಂಬುದು ಗೊತ್ತಿರಲಿಲ್ಲ.

“ನೀ ಲಗ್ನ ಆಗಿ ಹೋದ ವಾರ ಬಂತಿದು,” ಎಂದಳು ಚಿಗವ್ವ. “ತಂದಿದ್ದೆ. ನೀ ಇಲ್ದ ಓದಾಕ ಮನಸಾಗಲಿಲ್ಲ. ಹಂಗ ಇಟ್ಟಿದ್ದೆ. ಅಣ್ಣ ರದ್ದಿಗೆ ಹಾಕಿದ.”

ಹೊರಗಿನಿಂದ ಅಪ್ಪನ ದನಿ ಬಂತು: “ರೊಟ್ಟಿ ಆದೂವೇನು? ಹಸಿವಿ ಆಗೇತಿ.”

ಅಪ್ಪನ ಊಟವನ್ನು ಒಂದು ದಿನವೂ ತಡಮಾಡದ ನನ್ನ ಅವ್ವ ಗ್ಯಾಸು ಆರಿಸಿದಳು.

“ಇವತ್ತ ತಡಾ ಆಕ್ಕೈತ್ರಿ. ಹಸಿವಿ ತಡ್ಯೂದು ಆಗದಿದ್ರ ಬಾಳಿಹಣ್ಣು ಅದಾವು, ತಿನ್ರಿ.”

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ತಂಗಿಯ ಪಕ್ಕ ನೆಲದ ಮೇಲೆ ಕೂತಳು.

“ಓದು. ಚಿತ್ರ ಬಿಟ್ಟು ಓಡಬ್ಯಾಡ ಮತ್ತ. ಬಣ್ಣಾ ಸೈತ ಹೇಳು.”