ಪ್ಲಂಬರಣ್ಣ ಭಾನುವಾರ ಮಾಡಿದ ಪಾಪ

ಭಾನುವಾರ ಬೆಳಿಗ್ಗೆ ಪ್ಲಂಬರಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಹೆಂಡತಿಯೊಡನೆ ಚರ್ಚಿಗೆ ಹೊರಟಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಟೈಲರ್ ಅಜ್ಜಿ ಬರಿಗಾಲಲ್ಲಿ ಓಡಿಬಂದಳು.

"ಪೈಪು ಒಡೆದುಹೋಯ್ತು ಮಗಾ! ನಮ್ಮ ಯಜಮಾನ್ರು ಹಾಸಿಗೆಯಿಂದ ಏಳೋ ಹಾಗಿಲ್ಲ, ನೀರು ಆಗ್ಲೇ ಹಾಸಿಗೆ ಹತ್ರ ಬಂದ್ಬಿಟ್ಟಿದೆ!"

ಹೆಂಡತಿಯನ್ನು ಮುಂದೆ ಕಳಿಸಿ ಪ್ಲಂಬರಣ್ಣ ಒಳನುಗ್ಗಿದ. ಪೈಪು ಜಗಳಕ್ಕೆ ನಿಂತ ನಾದಿನಿಯಂತೆ ಎಲ್ಲ ದಿಕ್ಕಿಗೂ ಚಿಮ್ಮುತ್ತಿತ್ತು. ಅಜ್ಜನನ್ನು ಹೊತ್ತು ಒಣ ಕೋಣೆಯಲ್ಲಿ ಮಲಗಿಸಿ, ವಾಲ್ವ್ ಬಿಗಿದು, ಪೈಪು ಜೋಡಿಸಿ ಮುಗಿಸುವಷ್ಟರಲ್ಲಿ ಅಂಗಿ ನೆಲ ಒರೆಸಿದ ಬಟ್ಟೆಯಂತಾಗಿತ್ತು. ಅದರಲ್ಲೇ ಚರ್ಚಿಗೆ ಓಡಿದ.

ಬಾಗಿಲಲ್ಲಿ ಸಭೆಯ ಹಿರಿಯರಾದ ನಿವೃತ್ತ ಹೆಡ್‌ಮಾಸ್ತರರು ಕೈ ಅಡ್ಡ ಹಿಡಿದರು.

"ಏನಯ್ಯ ಇದು ವೇಷ?"

"ಪೈಪು ರಿಪೇರಿ ಇತ್ತು ಸಾರ್."

"ಕರ್ತನ ದಿನ ದುಡಿಮೆನಾ! ಹೊರಗೇ ನಿಲ್ಲು. ಆರಾಧನೆ ಮುಗಿದ್ಮೇಲೆ ಎಲ್ಲರ ಮುಂದೆ ಕ್ಷಮೆ ಕೇಳ್ಬೇಕು."

ಪ್ಲಂಬರಣ್ಣ ಬಿಸಿಲಲ್ಲಿ ನಿಂತ. ಒಳಗೆ ದೇವರ ಪ್ರೀತಿಯ ಹಾಡು ಜೋರಾಗಿ ನಡೆದಿತ್ತು. ಕಿಟಕಿಯ ಬಳಿ ಕೂತ ಬೇಕರಿಯವಳು ಪಕ್ಕದವಳ ಕಿವಿಯಲ್ಲಿ, "ದುಡ್ಡಿನ ಆಸೆ ಕಣೆ" ಅಂದದ್ದು ಅವನಿಗೂ ಕೇಳಿಸಿತು. ಅಜ್ಜಿಯಿಂದ ಅವನು ಬಿಡಿಗಾಸೂ ಮುಟ್ಟಿರಲಿಲ್ಲ!

ಆರಾಧನೆ ಮುಗಿದ ಮೇಲೆ ಹಿರಿಯರು ಅವನನ್ನು ಮುಂದೆ ನಿಲ್ಲಿಸಿದರು. "ಹೂಂ, ಕೇಳು ಕ್ಷಮೆ."

"ಕೇಳಲ್ಲ!" ಪ್ಲಂಬರಣ್ಣ ಗುಡುಗಿದ. "ಯೇಸುಸ್ವಾಮಿ ಕೆಲಸ ಮಾಡ್ಬಾರ್ದು ಅನ್ನೋ ಸಬ್ಬತ್ ದಿನಾನೇ ಕಾಯಿಲೆಯವರನ್ನ ವಾಸಿ ಮಾಡ್ಲಿಲ್ವಾ? ಆಗ್ಲೂ ನಿಮ್ಮಂಥೋರೇ ತಾನೆ ಅಡ್ಡ ಬಂದಿದ್ದು? ಟೈಲರ್ ಅಜ್ಜಿ ಮನೇಲಿ ಎದ್ದೇಳಕ್ಕಾಗದ ಮುದುಕಪ್ಪ ನೀರಲ್ಲಿ ಮಲಗಿರುವಾಗ ನಾನು ಇಲ್ಲಿ ಬಂದು ಹಾಡ್ಬೇಕಿತ್ತಾ?"

ಹೆಂಡತಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಪಾಸ್ಟರ್ ಕೆಳಗಿಳಿದು ಬಂದು ಆ ಒದ್ದೆ ಹೆಗಲ ಮೇಲೆ ಕೈಯಿಟ್ಟರು.

"ಕ್ಷಮೆ ಕೇಳ್ಬೇಕಾದವರು ನಾವು. ಇವತ್ತು ನಿಜವಾದ ಆರಾಧನೆ ನಡೆದಿದ್ದು ಅಜ್ಜಿ ಮನೇಲಿ. ಕರುಣೆಯ ಕೆಲಸಕ್ಕೆ ಭಾನುವಾರ ಯಾವತ್ತೂ ಅಡ್ಡಿಯಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಹೆಂಡತಿ ಕಣ್ಣೊರೆಸಿಕೊಂಡಳು. ಪ್ಲಂಬರಣ್ಣ ಎದೆಯುಬ್ಬಿಸಿ ಹೊರಬಂದ.

ಗೇಟಿನ ಬಳಿ ಅರ್ಧ ಸಭೆಯೇ ಅವನನ್ನು ಕಾಯುತ್ತಿತ್ತು. ಬೇಕರಿಯವಳ ಸಿಂಕು ಕಟ್ಟಿಕೊಂಡಿತ್ತಂತೆ. ಇನ್ನೊಬ್ಬರ ಟ್ಯಾಂಕು ತುಂಬುತ್ತಿರಲಿಲ್ಲವಂತೆ. ಎಲ್ಲರನ್ನೂ ತಳ್ಳಿಕೊಂಡು ಹಿರಿಯರೇ ಮುಂದೆ ಬಂದು ಅವನ ತೋಳು ಹಿಡಿದರು.

"ಪಾಸ್ಟರ್ ನನ್ನ ಕಣ್ಣು ತೆರೆಸಿದ್ರಪ್ಪ! ನಮ್ಮ ಬಚ್ಚಲ ನಲ್ಲಿ ತಿಂಗಳಿಂದ ಸೋರ್ತಿದೆ. ಬೇರೆ ದಿನ ಕರೆದ್ರೆ ನೀನು ಕೂಲಿ ಕೇಳ್ತೀಯ. ಭಾನುವಾರ ಆದ್ರೆ ಕರುಣೆ ಕೆಲಸ, ಅಲ್ವಾ?"